ಬಾವುಟ ಇಲ್ಲದೋರನ್ನ ಕೇಳೋರು ಯಾರು?

ಇದು ಮೊನ್ನೆ ಮಾಡಿದ ಉಪನ್ಯಾಸ. ಬರೆದಿಟ್ಕೊಂಡು ಓದಿದ್ದಲ್ಲ, ಬಾಯಿಗೆ ಬಂದ ಹಾಗೆ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ. ಕೆಮ್ಮಿದ್ದು, ನೀರು ಕುಡಿದಿದ್ದು, ಮಧ್ಯದಲ್ಲಿ ಮೈಕ್ ಕೈಕೊಟ್ಟಿದ್ದು ಬಿಟ್ರೆ ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರೋ ವಿಷಯ ರಾಷ್ಟ್ರಧ್ವಜಗಳ ಅರ್ಥ. ಫೋನಲ್ಲಿ ಕೇಳಿದ ತಕ್ಷಣ ಒಪ್ಕೊಂಡ್ಬಿಟ್ಟೆ, ಆಮೇಲೆ ಕೂತು ನೋಟ್ಸ್ ಮಾಡೋಕೆ ಹೋದಾಗ ಗೊತ್ತಾಯ್ತು ಇದೆಷ್ಟು ಬೇಜಾರಿನ ಕೆಲಸ ಅಂತ. ಯಾಕಂದ್ರೆ ಯಾವ ದೇಶದ ಬಾವುಟದ ವಿವರಣೆ ತೆಗೆದ್ರೂ ಅದೇ ಕಥೆ, ಕೆಂಪು ಅಂದ್ರೆ ಹುತಾತ್ಮರ ರಕ್ತ, ಹಸಿರು ಅಂದ್ರೆ ಹೊಲಗದ್ದೆ, ನೀಲಿ ಅಂದ್ರೆ ಆಕಾಶ ಇಲ್ಲಾ ಸಮುದ್ರ, ಬಿಳಿ ಅಂದ್ರೆ ಶಾಂತಿ. ನೆಮ್ಮದಿ ಅನ್ನೋದೇ ಇಲ್ಲದ ದೇಶದ ಬಾವುಟದಲ್ಲೂ ಬಿಳಿ ಇರತ್ತೆ.

ಬಣ್ಣದಲ್ಲೇ ಅರ್ಥ ಇದ್ದಿದ್ರೆ ಇಂಡೋನೇಷ್ಯಾಗೂ ಮೊನಾಕೋಗೂ ಒಂದೇ ಥರದ ಬಾವುಟ ಹೇಗೆ ಇರತ್ತೆ ಹೇಳಿ? ಮೇಲೆ ಕೆಂಪು ಕೆಳಗೆ ಬಿಳಿ, ಉದ್ದ ಅಗಲದಲ್ಲಿ ಸ್ವಲ್ಪ ವ್ಯತ್ಯಾಸ ಅಷ್ಟೇ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಇನ್ನೂ ತಮಾಷೆ ಆಯ್ತು, ಹೈಟಿ ದೇಶದವರೂ ಲಿಕ್ಟನ್‌ಸ್ಟೈನ್ ದೇಶದವರೂ ತಂದಿದ್ದು ಒಂದೇ ಬಾವುಟ, ನೀಲಿ ಮೇಲೆ, ಕೆಂಪು ಕೆಳಗೆ. ಒಂದು ಕಡೆ ಗುಲಾಮಗಿರಿ ವಿರುದ್ಧ ದಂಗೆ ಎದ್ದು ಹುಟ್ಟಿದ ದೇಶ, ಇನ್ನೊಂದು ಕಡೆ ಆಲ್ಪ್ಸ್ ಬೆಟ್ಟದ ಸಂದಿಯಲ್ಲಿರೋ ರಾಜರ ಪುಟ್ಟ ಸಂಸ್ಥಾನ. ಮುಂದಿನ ವರ್ಷವೇ ಲಿಕ್ಟನ್‌ಸ್ಟೈನ್‌ನವರು ತಮ್ಮ ಬಾವುಟಕ್ಕೆ ಒಂದು ಕಿರೀಟ ಸೇರಿಸ್ಕೊಂಡ್ರು. ಸೋ, ಬಟ್ಟೇಲಿ ಏನೂ ಇಲ್ಲ. ಇರೋದು ಬಟ್ಟೆ ಹಿಂದೆ ಯಾರು ನಿಂತಿದಾರೆ ಅನ್ನೋದ್ರಲ್ಲಿ, ಇವತ್ತು ನಾನು ಮಾತಾಡೋದೂ ಅದನ್ನೇ.

ನಮ್ಮಲ್ಲಿ ಒಂದು ಮಾತಿದೆ, ಅವನಿಗೆ ಹೇಳೋರಿಲ್ಲ ಕೇಳೋರಿಲ್ಲ ಅಂತ. ಹದ್ದುಮೀರಿದ ಹುಡುಗನ ಬಗ್ಗೆನೂ ಹೀಗೇ ಹೇಳ್ತೀವಿ, ಅನಾಥ ಮಗು ಬಗ್ಗೆನೂ ಹೀಗೇ ಹೇಳ್ತೀವಿ, ಒಂದೇ ಮಾತಲ್ಲಿ ಬೈಗುಳನೂ ಇದೆ ಕನಿಕರನೂ ಇದೆ. ಇದನ್ನ ಸ್ವಲ್ಪ ತಲೇಲಿ ಇಟ್ಕೊಂಡಿರಿ, ಮತ್ತೆ ಬರ್ತೀನಿ.

ರಾಷ್ಟ್ರಧ್ವಜ ಅಂದ ತಕ್ಷಣ ಕಂಬ, ಹಗ್ಗ, ಮೆರವಣಿಗೆ ಕಣ್ಣಿಗೆ ಬರತ್ತೆ ಅಲ್ವಾ, ಆದ್ರೆ ಅದರ ಹಳೇ ಮನೆಗಳಲ್ಲಿ ಮುಖ್ಯವಾದದ್ದು ಸಮುದ್ರ. ದೂರದಲ್ಲಿ ಒಂದು ಹಡಗು ಕಾಣಿಸ್ತು ಅಂದ್ರೆ ಅದು ಯಾರದ್ದು, ನಮ್ಮೋರದ್ದಾ, ಶತ್ರುದ್ದಾ, ಕಡಲ್ಗಳ್ಳರದ್ದಾ ಅಂತ ಗೊತ್ತಾಗೋಕೆ ಬಾವುಟ ಬೇಕಿತ್ತು. ಇವತ್ತಿಗೂ ಕಡಲ ಕಾನೂನು ನಡೆಯೋದು ಇದರ ಮೇಲೇನೇ. 1982ರಲ್ಲಿ ಆದ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಪ್ಪಂದ ಏನು ಹೇಳತ್ತೆ ಅಂದ್ರೆ, ಹಡಗು ಯಾವ ದೇಶದ ಬಾವುಟ ಹಾರಿಸತ್ತೋ ಆ ದೇಶದ್ದೇ ಅದು, ನಡುಗಡಲಲ್ಲಿ ಅದರ ಮೇಲೆ ಅಧಿಕಾರ ಆ ದೇಶಕ್ಕೆ ಮಾತ್ರ. ಯಾವ ದೇಶಕ್ಕೂ ಸೇರದ ಹಡಗಾದ್ರೆ? ಯಾರ ಯುದ್ಧನೌಕೆ ಬೇಕಾದ್ರೂ ಬಂದು ನಿಲ್ಲಿಸಿ ಹತ್ತಿ ತಪಾಸಣೆ ಮಾಡಬಹುದು. ಹೇಳೋರು ಕೇಳೋರು ಇಲ್ಲದ ಹಡಗು ಅದು.

ಇದೇ ಕಾನೂನಲ್ಲಿ ಇನ್ನೊಂದು ಸಾಲಿದೆ, ಬಾವುಟ ಕೊಡೋ ದೇಶಕ್ಕೂ ಹಡಗಿಗೂ ನಡುವೆ ನಿಜವಾದ ಸಂಬಂಧ ಇರಬೇಕು ಅಂತ. ಓದೋಕೆ ಚೆನ್ನಾಗಿದೆ. ಆದ್ರೆ ನಡೆಯೋದೇ ಬೇರೆ. ಜಗತ್ತಿನ ವ್ಯಾಪಾರಿ ಹಡಗುಗಳಲ್ಲಿ ದೊಡ್ಡ ಪಾಲು ಪನಾಮ, ಲೈಬೀರಿಯಾ, ಮಾರ್ಷಲ್ ದ್ವೀಪಗಳ ಬಾವುಟ ಹಾಕ್ಕೊಂಡು ಓಡಾಡ್ತವೆ, ಓನರ್ ಇನ್ನೆಲ್ಲೋ ಇರ್ತಾನೆ, ಕೆಲಸದೋರು ಇನ್ಯಾವುದೋ ದೇಶದೋರು. ಫಾರ್ಮ್ ತುಂಬು, ಫೀಸ್ ಕಟ್ಟು, ಬಾವುಟ ತಗೋ. ಮಂಗೋಲಿಯಾ ಗೊತ್ತಲ್ಲ, ಸುತ್ತ ಎಲ್ಲೂ ಸಮುದ್ರ ಇಲ್ಲದ ದೇಶ, ಅದೂ ಹಡಗು ನೋಂದಣಿ ಆಫೀಸ್ ಇಟ್ಕೊಂಡಿದೆ, ಅದೂ ಎಲ್ಲಿ, ಸಿಂಗಾಪುರದಲ್ಲಿ! ಕಬ್ಬಿಣದ ಹಡಗಿಗೆ ದುಡ್ಡು ಕೊಟ್ರೆ ಒಂದು ದೇಶ ಸಿಗತ್ತೆ, ತಲೆತಲಾಂತರದಿಂದ ಅದೇ ಮಣ್ಣಲ್ಲಿ ಹುಟ್ಟಿ ಬೆಳೆದೋನಿಗೆ ಸಿಗದೇ ಹೋಗಬಹುದು. ನನಗೆ ಈ ವಿಷಯ ತಲೆ ಕೆಡಿಸಿದ್ದು ಇಲ್ಲಿಂದಲೇ.

ಹಡಗಿನ ಮಾತು ಬಂತಲ್ಲ, ಎರಡು ಹಡಗಿನ ಕಥೆ ಹೇಳಿಬಿಡ್ತೀನಿ. 1939ರ ಮೇ ತಿಂಗಳು, ಹ್ಯಾಂಬರ್ಗ್‌ನಿಂದ ಸೇಂಟ್ ಲೂಯಿಸ್ ಅನ್ನೋ ಹಡಗು ಹೊರಡತ್ತೆ, 937 ಜನ ಪ್ರಯಾಣಿಕರು, ಹೆಚ್ಚೂಕಮ್ಮಿ ಎಲ್ಲರೂ ಹಿಟ್ಲರ್ ಕೈಯಿಂದ ತಪ್ಪಿಸ್ಕೊಂಡು ಹೋಗ್ತಿದ್ದ ಯಹೂದಿಗಳು. ಈಗ ಆ ಹಡಗಿನ ಮೇಲೆ ಹಾರ್ತಿದ್ದ ಬಾವುಟ ಯಾವುದು ಯೋಚನೆ ಮಾಡಿ. ಜರ್ಮನ್ ಹಡಗು ಅದು, ಹಾಗಾಗಿ ಸ್ವಸ್ತಿಕದ ನಾಜಿ ಬಾವುಟ. ಯಾವುದರಿಂದ ಓಡಿಹೋಗ್ತಿದ್ರೋ ಅದೇ ತಲೆ ಮೇಲೆ ಹಾರ್ತಿತ್ತು. ಕ್ಯಾಪ್ಟನ್ ಗುಸ್ಟಾವ್ ಶ್ರೋಡರ್ ಒಳ್ಳೇ ಮನುಷ್ಯ, ಊಟದ ಹಾಲ್‌ನಲ್ಲಿ ಅವರು ಪ್ರಾರ್ಥನೆ ಮಾಡ್ವಾಗ ಹಿಟ್ಲರ್ ಫೋಟೋ ಕೆಳಗಿಳಿಸೋಕೆ ಬಿಟ್ಟನಂತೆ, ಆದ್ರೆ ಮೇಲಿನ ಬಾವುಟ ಇಳಿಸೋದು ಅವನ ಕೈಲೂ ಇರ್ಲಿಲ್ಲ. ಕ್ಯೂಬಾ 28 ಜನರನ್ನ ಮಾತ್ರ ಇಳಿಯೋಕೆ ಬಿಡ್ತು, ಅಮೆರಿಕ ಬಿಡಲೇ ಇಲ್ಲ, ಹಡಗು ಯುರೋಪಿಗೆ ವಾಪಸ್. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ಹಂಚ್ಕೊಂಡ್ರು, ಆಮೇಲೆ ಯುದ್ಧ ಬಂತು, ಬ್ರಿಟನ್ ಬಿಟ್ಟು ಮಿಕ್ಕ ದೇಶಗಳನ್ನ ಜರ್ಮನಿ ಹಿಡೀತು, ವಾಪಸ್ ಬಂದೋರಲ್ಲಿ 254 ಜನ ಸತ್ರು.

ಎರಡನೇ ಹಡಗು ಅಕ್ವೇರಿಯಸ್. ಮೆಡಿಟರೇನಿಯನ್ ಸಮುದ್ರದಲ್ಲಿ ಮುಳುಗೋ ರಬ್ಬರ್ ದೋಣಿಗಳಿಂದ ಜನರನ್ನ ಎತ್ತಿ ಉಳಿಸ್ತಿದ್ದ ಹಡಗು. 2018ರ ಜೂನ್‌ನಲ್ಲಿ ಆರುನೂರಕ್ಕೂ ಹೆಚ್ಚು ಜನರನ್ನ ಹತ್ತಿಸ್ಕೊಂಡು ನಿಂತಿದೆ, ಇಟಲಿ ಬೇಡ ಅಂತು, ಮಾಲ್ಟಾ ಬೇಡ ಅಂತು, ಕೊನೆಗೆ ಸ್ಪೇನ್‌ನ ವಲೆನ್ಸಿಯಾಗೆ ಹೋಗಬೇಕಾಯ್ತು. ಅದನ್ನ ನಿಲ್ಲಿಸಿದ್ದು ಬಂದೂಕಲ್ಲ, ಬಾವುಟ. ಆಗಸ್ಟ್‌ನಲ್ಲಿ ಜಿಬ್ರಾಲ್ಟರ್ ತನ್ನ ನೋಂದಣಿ ವಾಪಸ್ ತಗೊಳ್ತು, ಸರಿ ಅಂತ ಪನಾಮ ಬಾವುಟ ಹಾಕ್ಕೊಂಡ್ರು, ಸೆಪ್ಟೆಂಬರ್‌ನಲ್ಲಿ ಪನಾಮನೂ ರದ್ದು ಮಾಡ್ತೀವಿ ಅಂತು. ಡಿಸೆಂಬರ್ ಹೊತ್ತಿಗೆ ಕೆಲಸ ನಿಂತೇಹೋಯ್ತು. ದಿಕ್ಕಿಲ್ಲದೋರನ್ನ ಎತ್ತೋಕೆ ಹೋದ ಹಡಗೇ ದಿಕ್ಕಿಲ್ಲದ್ದಾಯ್ತು.

ಈಗ ಹಡಗು ಬಿಟ್ಟು ಮನುಷ್ಯರ ಹತ್ರ ಬರೋಣ. ಬಾವುಟವನ್ನ ಮಡಚಿ ಜೇಬಲ್ಲಿ ಇಟ್ಕೊಂಡ್ರೆ ಅದೇ ಪಾಸ್‌ಪೋರ್ಟ್. ಅದರಲ್ಲಿ ಬರೆದಿರೋದು ಒಂದೇ ವಿಷಯ, ಈ ಮನುಷ್ಯನಿಗೆ ಏನಾದ್ರೂ ಆದ್ರೆ ನಾವು ಕೇಳ್ತೀವಿ ಅಂತ. ರಷ್ಯಾ ಕ್ರಾಂತಿ ಆದ್ಮೇಲೆ ಅಲ್ಲಿಂದ ಓಡಿಹೋದ ಲಕ್ಷಾಂತರ ಜನರ ಪೌರತ್ವವನ್ನ ಲೆನಿನ್ ಸರ್ಕಾರ 1921ರಲ್ಲಿ ಕಿತ್ಹಾಕ್ತು, ಒಂದು ಆದೇಶದಲ್ಲಿ ಅಷ್ಟೂ ಜನ ಯಾವ ದೇಶಕ್ಕೂ ಸೇರದೋರಾದ್ರು. ಆಗ ಫ್ರಿಜೋಫ್ ನಾನ್ಸೆನ್ ಅಂತ ನಾರ್ವೆಯ ಒಬ್ಬ ಧ್ರುವ ಪ್ರದೇಶದ ಸಾಹಸಿ, ವಿಶ್ವಸಂಸ್ಥೆಗೂ ಮುಂಚೆ ಇದ್ದ ರಾಷ್ಟ್ರಸಂಘದ ಪರವಾಗಿ ನಿರಾಶ್ರಿತರ ಜವಾಬ್ದಾರಿ ಹೊತ್ತಿದ್ದೋನು, 1922ರಲ್ಲಿ ಒಂದು ಕಾಗದ ತಂದ. ನಾನ್ಸೆನ್ ಪಾಸ್‌ಪೋರ್ಟ್ ಅಂತ ಅದಕ್ಕೆ ಹೆಸರು. ಯಾವ ದೇಶದ ಹೆಸರೂ ಅಲ್ಲ, ಒಬ್ಬ ಮನುಷ್ಯನ ಹೆಸರು, ಅದಕ್ಕೆ ಅಂಟಿಸ್ತಿದ್ದ ಸ್ಟಾಂಪ್ ಮೇಲೆ ಅವನದ್ದೇ ಮುಖ. ಸುಮಾರು ನಾಲ್ಕೂವರೆ ಲಕ್ಷ ಜನಕ್ಕೆ ಸಿಕ್ತು, ಸಂಗೀತಗಾರ ಸ್ಟ್ರಾವಿನ್ಸ್ಕಿ, ಚಿತ್ರಕಾರ ಶಗಾಲ್ ಕೂಡ ಅದನ್ನೇ ಹಿಡ್ಕೊಂಡು ಓಡಾಡಿದೋರು. ಕೇಳೋರಿಲ್ಲ ಅಂದ್ರೆ ನಾನು ಕೇಳ್ತೀನಿ ಅಂತ ಒಬ್ಬ ಹೇಳಿದ್ದು, ಐವತ್ತಕ್ಕೂ ಹೆಚ್ಚು ದೇಶ ಒಪ್ಕೊಂಡಿದ್ದು, ನನಗಂತೂ ಈಗಲೂ ನಂಬೋಕೆ ಕಷ್ಟ ಆಗತ್ತೆ.

ಎರಡನೇ ಮಹಾಯುದ್ಧ ಆದ್ಮೇಲೆ 1951ರಲ್ಲಿ ಜಿನೀವಾದಲ್ಲಿ ನಿರಾಶ್ರಿತರ ಒಪ್ಪಂದ ಆಯ್ತು. ಅದರ ಪ್ರಕಾರ ನಿರಾಶ್ರಿತ ಅನ್ನಿಸ್ಕೊಳ್ಳಬೇಕಾದ್ರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರೋದು, ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದು ಕಾರಣಕ್ಕೆ ಕಿರುಕುಳ ಆಗತ್ತೆ ಅನ್ನೋ ಭಯಕ್ಕೆ ಆಧಾರ ಇರಬೇಕು, ತನ್ನ ದೇಶದ ಹೊರಗಿರಬೇಕು, ಆ ದೇಶದ ರಕ್ಷಣೆ ಪಡೆಯೋಕೆ ಆಗದೇ ಇರಬೇಕು ಇಲ್ಲಾ ಭಯದಿಂದ ಬೇಡ ಅನ್ನೋ ಸ್ಥಿತೀಲಿರಬೇಕು. ಈ ಕೊನೇ ಭಾಗ ಗಮನಿಸಿ. ಕನ್ನಡದಲ್ಲಿ ನಾವು ನಿರಾಶ್ರಿತ ಅಂತೀವಿ, ಆಶ್ರಯ ಇಲ್ಲದೋನು ಅಂತ. ಆದ್ರೆ ಅವನಿಗೆ ಟೆಂಟ್ ಸಿಕ್ಕಿರತ್ತೆ, ಕ್ಯಾಂಪ್ ಸಿಕ್ಕಿರತ್ತೆ, ಆಶ್ರಯ ಒಂದು ಲೆಕ್ಕಕ್ಕೆ ಇದೆ. ಇಲ್ಲದೇ ಇರೋದು ಅವನ ಪರವಾಗಿ ಕೇಳೋರು. ಕಾನೂನಿನ ಭಾಷೆ ಈ ವಿಷಯದಲ್ಲಿ ನಮ್ಮ ಪದಕ್ಕಿಂತ ಸರಿಯಾಗಿದೆ ಅಂತ ನನಗನಿಸತ್ತೆ. ಯುದ್ಧದಿಂದ ಓಡಿಬಂದ್ರೂ ಗಡಿ ದಾಟದೇ ತನ್ನ ದೇಶದಲ್ಲೇ ಇದ್ರೆ ಅವನು ಈ ಲೆಕ್ಕದಲ್ಲಿ ನಿರಾಶ್ರಿತನೇ ಅಲ್ಲ, ಅದು ಇನ್ನೊಂದು ಕಥೆ. 2024ರ ಕೊನೆಗೆ ಬಲವಂತವಾಗಿ ನೆಲೆ ಕಳ್ಕೊಂಡೋರು 12.3 ಕೋಟಿ, ಅದರಲ್ಲಿ ನಿರಾಶ್ರಿತರು 4.27 ಕೋಟಿ, ಮಿಕ್ಕೋರಲ್ಲಿ ಹೆಚ್ಚಿನೋರು ತಮ್ಮದೇ ಬಾವುಟದ ಕೆಳಗೆ ದಿಕ್ಕು ತಪ್ಪಿ ಕೂತಿರೋರು.

ನಿರಾಶ್ರಿತ ಅಂತ ಒಪ್ಪಿದ್ಮೇಲೆ ಆಶ್ರಯ ಕೊಟ್ಟ ದೇಶ ಒಂದು ಪ್ರಯಾಣದ ಪುಸ್ತಕ ಕೊಡತ್ತೆ. ನೋಡೋಕೆ ಪಾಸ್‌ಪೋರ್ಟ್ ಥರನೇ, ರಟ್ಟಿನ ಮೇಲ್ಗಡೆ ಮೂಲೇಲಿ ಎರಡು ಓರೆ ಗೆರೆ ಇರತ್ತೆ, ಅದು ಗುರುತು. ಒಳಗಡೆ ಸಾಮಾನ್ಯವಾಗಿ ಒಂದು ಸಾಲು, ಎಲ್ಲಾ ದೇಶಗಳಿಗೂ ಮಾನ್ಯ, ಇಂಥಾ ದೇಶ ಒಂದನ್ನ ಬಿಟ್ಟು. ಆ ಒಂದು ಯಾವುದು ಅಂದ್ರೆ ಅವನು ಹುಟ್ಟಿ ಬೆಳೆದ ದೇಶ. ಅಮ್ಮ ಅಲ್ಲೇ ಇರ್ತಾಳೆ, ಅವಳಿಗೆ ಹುಷಾರಿಲ್ಲ ಅಂತ ಫೋನ್ ಬರತ್ತೆ, ಆ ಪುಸ್ತಕದಲ್ಲಿ ಜಗತ್ತಿನ ಬೇರೆ ಎಲ್ಲಾ ಕಡೆ ವೀಸಾ ಕೇಳಬಹುದು, ಅಲ್ಲಿಗೆ ಮಾತ್ರ ಹೋಗೋಹಾಗಿಲ್ಲ.

ಎಂಬೆಸಿ ವಿಷಯನೂ ಹಾಗೇ. ನಾವು ಹೊರದೇಶಕ್ಕೆ ಹೋಗಿ ಏನಾದ್ರೂ ಕಳ್ಕೊಂಡ್ರೆ ಮೊದಲು ಹುಡುಕೋದು ನಮ್ಮ ಬಾವುಟ ಹಾರ್ತಿರೋ ಬಿಲ್ಡಿಂಗ್. ನಿರಾಶ್ರಿತ ತನ್ನ ದೇಶದ ಎಂಬೆಸಿ ಕಂಡ್ರೆ ರಸ್ತೆ ದಾಟಿ ಆಕಡೆ ಹೋಗ್ತಾನೆ. ಭಯ ಒಂದು, ಕಾನೂನು ಇನ್ನೊಂದು. ಅಲ್ಲಿಗೆ ಹೋಗಿ ಹಳೇ ಪಾಸ್‌ಪೋರ್ಟ್ ರಿನ್ಯೂ ಮಾಡಿಸ್ಕೊಂಡ್ರೆ, ಓಹೋ ನೀನು ನಿನ್ನ ದೇಶದ ರಕ್ಷಣೇನ ಮತ್ತೆ ಒಪ್ಕೊಂಡೆ ಅಂತ ಅರ್ಥ ಮಾಡ್ಕೊಂಡು ಇಲ್ಲಿನ ನಿರಾಶ್ರಿತ ಸ್ಥಾನಮಾನಕ್ಕೇ ಕುತ್ತು ಬರಬಹುದು. ಅದೇ ಸಮಯಕ್ಕೆ ಮದುವೆ ನೋಂದಣಿಗೆ, ಡಿಗ್ರಿ ಸರ್ಟಿಫಿಕೇಟ್ ವೆರಿಫೈ ಮಾಡೋಕೆ, ನಿಮ್ಮ ದೇಶದಿಂದ ಕಾಗದ ತಗೊಂಬನ್ನಿ ಅಂತ ಕೌಂಟರ್‌ನಲ್ಲಿ ಕೂತೋರು ಹೇಳ್ತಾರೆ. ಅತ್ತ ದರಿ ಇತ್ತ ಪುಲಿ.

ಕಷ್ಟ ಅಂದ್ರೆ ನಾವು ಹಸಿವು, ಚಳಿ ಅಂದ್ಕೊಳ್ತೀವಿ, ಅದೆಲ್ಲ ಇದ್ದೇ ಇದೆ, ಆದ್ರೆ ವರ್ಷಗಟ್ಟಲೆ ಜೀವ ತಿನ್ನೋದು ಈ ಕಾಗದ. ಎಷ್ಟೋ ನಿರಾಶ್ರಿತರ ಹುಟ್ಟಿದ ದಿನ ಜನವರಿ 1 ಅಂತ ಇರತ್ತೆ, ಗೊತ್ತಾ? ಎಲ್ಲರೂ ಹೊಸ ವರ್ಷಕ್ಕೆ ಹುಟ್ಟಿಲ್ಲ. ದಾಖಲೆ ಇಲ್ಲ, ದಿನಾಂಕ ಗೊತ್ತಿಲ್ಲ, ಫಾರ್ಮ್‌ನಲ್ಲಿ ಖಾಲಿ ಬಿಡೋ ಹಾಗಿಲ್ಲ, ಬರ್ಕೊಳ್ಳೋರು ಒಂದು ದಿನ ಹಾಕ್ತಾರೆ. ಇನ್ನು ಮಕ್ಕಳು. ಸಿರಿಯಾ ಕಾನೂನಿನ ಪ್ರಕಾರ ಪೌರತ್ವ ಬರೋದು ಮುಖ್ಯವಾಗಿ ಅಪ್ಪನ ಕಡೆಯಿಂದ, ಜಗತ್ತಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ತಾಯಿಗೆ ತಂದೆಯಷ್ಟೇ ಹಕ್ಕಿಲ್ಲ. ಯುದ್ಧದಲ್ಲಿ ಅಪ್ಪ ಸತ್ತಿದಾನೆ, ಇಲ್ಲಾ ನಾಪತ್ತೆ, ಮದುವೆ ಕಾಗದ ಮನೆ ಜೊತೆ ಸುಟ್ಟುಹೋಗಿದೆ, ಮಗು ಪಕ್ಕದ ದೇಶದ ಕ್ಯಾಂಪಲ್ಲಿ ಹುಟ್ಟತ್ತೆ, ಅದು ಯಾವ ದೇಶದ್ದು? ಅಮ್ಮ ಪಕ್ಕದಲ್ಲೇ ಕೂತಿದಾಳೆ, ಆದ್ರೆ ಅವಳ ದೇಶ ಅದಕ್ಕೆ ಬರಲ್ಲ.

ರೋಹಿಂಗ್ಯಾಗಳದ್ದು ಇನ್ನೂ ಬೇರೆ. ಓಡಿಹೋದ್ಮೇಲೆ ಬಾವುಟ ಕಳ್ಕೊಂಡಿದ್ದಲ್ಲ, ಮನೇಲಿದ್ದಾಗಲೇ ಕಳ್ಕೊಂಡಿದ್ದು. 1982ರ ಬರ್ಮಾ ಪೌರತ್ವ ಕಾನೂನು ಬಂದ್ಮೇಲೆ ಅಲ್ಲಿನ ಸರ್ಕಾರ ಒಪ್ಪೋ 135 ಜನಾಂಗಗಳ ಪಟ್ಟೀಲಿ ಇವರ ಹೆಸರಿಲ್ಲ. 2017ರ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಹೆಚ್ಚು ಜನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಕಡೆಗೆ ಬಂದ್ರು, ಗುಡ್ಡ ಕಡಿದು ಬಿದಿರು, ಟಾರ್ಪಾಲಿನ್ ಕಟ್ಕೊಂಡು ಇದಾರೆ, ಮಳೆ ಬಂದ್ರೆ ಗುಡ್ಡ ಕುಸಿಯತ್ತೆ, ಬೇಸಿಗೇಲಿ ಬೆಂಕಿ. ಕಾನೂನುಬದ್ಧವಾಗಿ ಕೆಲಸ ಮಾಡೋ ಹಾಗಿಲ್ಲ, ಹಾಗಾಗಿ ರೇಷನ್ನೇ ಗತಿ, 2023ರಲ್ಲಿ ದುಡ್ಡಿಲ್ಲ ಅಂತ ಆ ರೇಷನ್ನನ್ನ ತಲೆಗೆ ತಿಂಗಳಿಗೆ 12 ಡಾಲರ್‌ನಿಂದ 8 ಡಾಲರ್‌ಗೆ ಇಳಿಸಿದ್ರು, ಆಮೇಲೆ ಸ್ವಲ್ಪ ಏರಿಸಿದ್ರು ಅನ್ನಿ. ಇದಕ್ಕೆ ಬಾಂಗ್ಲಾದೇಶವನ್ನ ಬೈಯೋದು ಸುಲಭ. ಜಗತ್ತಿನ ನಿರಾಶ್ರಿತರಲ್ಲಿ ಮೂರರಲ್ಲಿ ಎರಡು ಪಾಲು ಪಕ್ಕದ ದೇಶದಲ್ಲೇ ಉಳ್ಕೊಂಡಿರೋರು, ಹೊರೆ ಹೊತ್ತಿರೋದು ಬಹುಪಾಲು ಬಡ, ಮಧ್ಯಮ ದೇಶಗಳು, ದೂರದ ಶ್ರೀಮಂತ ದೇಶಕ್ಕೆ ಪುನರ್ವಸತಿ ಅಂತ ವರ್ಷಕ್ಕೆ ಹೋಗೋರು ನೂರಕ್ಕೆ ಒಬ್ಬರೂ ಇಲ್ಲ.

ಬಾವುಟಕ್ಕೆ ವಾಪಸ್ ಬರ್ತೀನಿ. ನಿರಾಶ್ರಿತರಿಗೆ ತಮ್ಮ ಬಾವುಟ ಕಂಡ್ರೆ ಸಿಟ್ಟಾ ಪ್ರೀತಿನಾ? ಎರಡೂ, ಬಾವುಟ ಯಾವುದು ಅನ್ನೋದರ ಮೇಲೆ ಹೋಗತ್ತೆ. ಸಿರಿಯಾ ನೋಡಿ. ಅಸಾದ್ ಕಾಲದ್ದು ಕೆಂಪು ಬಿಳಿ ಕಪ್ಪು, ಎರಡು ಹಸಿರು ನಕ್ಷತ್ರ. ಅವನ ವಿರುದ್ಧ ಎದ್ದೋರು 1932ರ ಹಳೇ ಬಾವುಟ ಎತ್ಕೊಂಡ್ರು, ಹಸಿರು ಬಿಳಿ ಕಪ್ಪು, ಮೂರು ಕೆಂಪು ನಕ್ಷತ್ರ. ಹದಿಮೂರು ವರ್ಷ ಒಂದೇ ದೇಶಕ್ಕೆ ಎರಡು ಬಾವುಟ, ಯಾವುದು ಹಿಡ್ಕೊಂಡಿದೀಯ ಅನ್ನೋದರ ಮೇಲೆ ಜೀವ ಹೋಗೋದು ಉಳಿಯೋದು. 2024ರ ಡಿಸೆಂಬರ್ 8ಕ್ಕೆ ಅಸಾದ್ ಓಡಿಹೋದ, ಅವತ್ತು ಜರ್ಮನಿಯ ಊರೂರಲ್ಲಿ ಸಿರಿಯಾದೋರು ಮೂರು ನಕ್ಷತ್ರದ ಬಾವುಟ ಹೊದ್ಕೊಂಡು ಬೀದೀಲಿ ಕುಣಿದ್ರು. ಮಾರನೇ ದಿನವೇ ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳು ಸಿರಿಯಾದೋರ ಆಶ್ರಯದ ಅರ್ಜಿಗಳನ್ನ ತಡೆಹಿಡಿದ್ವು. ಬಾವುಟ ಬದಲಾದ ಖುಷಿ ಒಂದು ರಾತ್ರಿ ಪೂರ್ತಿ ಮುಗಿಯೋಕೂ ಬಿಡ್ಲಿಲ್ಲ.

ಅಫ್ಘಾನಿಸ್ತಾನದ ಜಾಕಿಯಾ ಖುದಾದಾದಿ ಅನ್ನೋ ಟೇಕ್ವಾಂಡೋ ಆಟಗಾರ್ತಿ. 2021ರ ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಗೆ ಹೋಯ್ತು, ಟೋಕಿಯೋ ಪ್ಯಾರಾಲಿಂಪಿಕ್ಸ್ ಶುರುವಾಗಿದ್ದು 24ಕ್ಕೆ. ಆಟಗಾರರು ಬರೋಕಾಗಿಲ್ಲ, ಕಪ್ಪು ಕೆಂಪು ಹಸಿರಿನ ಬಾವುಟವನ್ನ ಒಬ್ಬ ವಾಲಂಟಿಯರ್ ಹಿಡ್ಕೊಂಡು ಮೆರವಣಿಗೇಲಿ ನಡೆದ. ಜನ ಇಲ್ಲ, ಬಾವುಟ ಇದೆ. ಅಷ್ಟೊತ್ತಿಗೆ ಕಾಬೂಲಲ್ಲಿ ಬಿಳಿ ಬಾವುಟ ಏರಿತ್ತು. ಕೆಲವು ದಿನ ಆದ್ಮೇಲೆ ಜಾಕಿಯಾ ಹೇಗೋ ಪಾರಾಗಿ ಟೋಕಿಯೋ ಸೇರಿ ಅದೇ ಮೂರು ಬಣ್ಣದ ಹೆಸರಲ್ಲಿ ಆಡಿದ್ರು, ಆಮೇಲೆ ಫ್ರಾನ್ಸ್‌ನಲ್ಲಿ ನೆಲೆಸಿದ್ರು. 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ರು, ಈ ಸಲ ನಿರಾಶ್ರಿತರ ತಂಡದಿಂದ, ಆ ತಂಡಕ್ಕೆ ಸಿಕ್ಕ ಮೊದಲ ಪ್ಯಾರಾಲಿಂಪಿಕ್ ಪದಕ ಅದು. ಜನ ಇದೆ, ಬಾವುಟ ಇಲ್ಲ.

ದಕ್ಷಿಣ ಸುಡಾನ್ ಓಟಗಾರ ಗುವೋರ್ ಮರಿಯಲ್ ಕಥೆ ಉಲ್ಟಾ. 2012ರ ಲಂಡನ್ ಹೊತ್ತಿಗೆ ಅವರ ದೇಶಕ್ಕೆ ಒಂದು ವರ್ಷ, ಇನ್ನೂ ಒಲಿಂಪಿಕ್ ಸಮಿತಿನೇ ಇಲ್ಲ. ಸುಡಾನ್ ಪರವಾಗಿ ಓಡಬಹುದು ಅಂದ್ರು, ತನ್ನ ಮನೆಯೋರನ್ನ ಕೊಂದ ದೇಶಕ್ಕೆ ಓಡಲ್ಲ ಅಂದ್ರು, ಒಲಿಂಪಿಕ್ ಬಾವುಟದ ಕೆಳಗೆ ಮ್ಯಾರಥಾನ್ ಓಡಿದ್ರು. 2016ರ ರಿಯೋದಲ್ಲಿ ದಕ್ಷಿಣ ಸುಡಾನಿನ ಬಾವುಟ ಹಿಡಿದು ಮುಂದೆ ನಡೆದೋರು ಅವರೇ. ಅದೇ ಮೈದಾನದಲ್ಲಿ, ಅದೇ ರಾತ್ರಿ, ನಿರಾಶ್ರಿತರ ಮೊದಲ ತಂಡನೂ ನಡೀತು, ಹತ್ತು ಜನ, ಅದರಲ್ಲಿ ಐದು ಜನ ಅದೇ ದಕ್ಷಿಣ ಸುಡಾನಿನೋರು.

ಇಲ್ಲಿಗೆ ನನ್ನ ಮಾತು ಮುಗಿದಿತ್ತು, ಆಮೇಲೆ ಕೆಲವರು ಪ್ರಶ್ನೆ ಕೇಳಿದ್ರು, ಎರಡನ್ನ ಇಲ್ಲಿ ಸೇರಿಸ್ತಿದೀನಿ.

ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ಹಿರಿಯರು, "ನೀವು ಹೇಳೋದೆಲ್ಲ ಸರಿ, ಆದ್ರೆ ಯಾವ ದೇಶ ಎಷ್ಟು ಜನರನ್ನ ಇಟ್ಕೊಳ್ಳೋಕಾಗತ್ತೆ ಹೇಳಿ?" ಅಂದ್ರು. ನ್ಯಾಯವಾದ ಪ್ರಶ್ನೆ, ಜಾಗಕ್ಕೂ ದುಡ್ಡಿಗೂ ಒಂದು ಮಿತಿ ಇದ್ದೇ ಇದೆ. ನಾನು ಹೇಳಿದ್ದು ಇಷ್ಟು, 2022ರ ಫೆಬ್ರವರಿಲಿ ಉಕ್ರೇನ್ ಮೇಲೆ ಯುದ್ಧ ಆದಾಗ ಯುರೋಪಿಯನ್ ಯೂನಿಯನ್ 2001ರಿಂದ ಬಳಸದೇ ಇಟ್ಟಿದ್ದ ಒಂದು ಕಾನೂನನ್ನ ಮಾರ್ಚ್ 4ಕ್ಕೇ ಜಾರಿ ಮಾಡ್ತು, ಒಬ್ಬೊಬ್ಬರ ಸಂದರ್ಶನ ಇಲ್ಲದೇ ಲಕ್ಷಗಟ್ಟಲೆ ಜನಕ್ಕೆ ವಾಸ, ಕೆಲಸ, ಸ್ಕೂಲು. ಕಿಟಕಿ ಕಿಟಕಿಗೂ ನೀಲಿ ಹಳದಿ ಬಾವುಟ. ಅದೇ ಕಾನೂನು 2015ರಲ್ಲೂ ಇತ್ತು ಸರ್, ಕಪಾಟಿನಲ್ಲಿ. ಆಗ ಬಂದ ಸಿರಿಯಾದೋರಿಗೆ ಕಿಟಕಿಗೆ ಹಾಕೋಕೆ ಎಲ್ಲರೂ ಒಪ್ಪೋ ಒಂದು ಬಾವುಟನೂ ಇರ್ಲಿಲ್ಲ. ಮಿತಿ ಇದೆ, ಆದ್ರೆ ಅದು ಯಾರಿಗೆ ಎಲ್ಲಿ ಶುರುವಾಗತ್ತೆ ಅನ್ನೋದು ಜಾಗದ ಲೆಕ್ಕ ಮಾತ್ರ ಅಲ್ಲ ಅನಿಸತ್ತೆ ನನಗೆ. ಅವರು ತಲೆ ಆಡಿಸಿದ್ರು, ಒಪ್ಪಿದ್ರೋ ಸುಮ್ನೆ ಕೂರೋಣ ಅಂದ್ಕೊಂಡ್ರೋ ಗೊತ್ತಿಲ್ಲ.

ಇನ್ನೊಬ್ಬ ಹುಡುಗಿ, ಕಾಲೇಜಿನೋಳಿರಬೇಕು, "ನಿರಾಶ್ರಿತರಿಗೇ ಅಂತ ಒಂದು ಬಾವುಟ ಇದೆಯಾ?" ಅಂತ ಕೇಳಿದ್ಲು. ಇದೆ ಕಣಮ್ಮ. 2016ರಲ್ಲಿ ಯಾರಾ ಸಯೀದ್ ಅನ್ನೋ ಸಿರಿಯಾದ ಕಲಾವಿದೆ, ತಾನೂ ಸಮುದ್ರ ದಾಟಿ ಆಮ್‌ಸ್ಟರ್‌ಡ್ಯಾಮ್ ಸೇರಿದೋರು, ಮಾಡಿದ್ದು. ಪೂರ್ತಿ ಕಿತ್ತಳೆ ಬಣ್ಣ, ಅಡ್ಡಕ್ಕೆ ಒಂದು ಕಪ್ಪು ಪಟ್ಟಿ. ಲೈಫ್ ಜಾಕೆಟ್ ಬಣ್ಣ, ಅದರ ಬೆಲ್ಟ್ ಕಪ್ಪು. ಹುತಾತ್ಮರ ರಕ್ತ, ಹೊಲಗದ್ದೆ, ಆಕಾಶ ಯಾವುದೂ ಇಲ್ಲ ನೋಡು. ರಿಯೋಗೆ ಅಂತಲೇ ಮಾಡಿದ್ದು, ಆದ್ರೆ ಒಲಿಂಪಿಕ್ಸ್‌ನೋರು ಅದನ್ನ ಅಧಿಕೃತವಾಗಿ ತಗೊಳ್ಳಲಿಲ್ಲ, ತಂಡ ಐದು ಉಂಗುರದ ಬಿಳಿ ಬಾವುಟ ಹಿಡ್ಕೊಂಡೇ ನಡೀತು.

"ಮತ್ತೆ ಈಗ ಅದೆಲ್ಲಿದೆ?" ಅಂದ್ಲು.

ಮ್ಯೂಸಿಯಂನಲ್ಲಿದೆ ಅಂದೆ.